ಜಾಗತಿಕ ಭಯೋತ್ಪಾದನೆ ಕೋರ್ಸ್: ಕಾರಣದ ಪಾಠ ಸಪ್ಪೆ, ದುಡ್ಡಿನ ಪಾಠ ಸೂಪರ್

ಭಯೋತ್ಪಾದನೆ ಯಾಕೆ ಹುಟ್ಟುತ್ತದೆ, ಅದರಲ್ಲಿ ಎಷ್ಟು ಬಗೆ, ದೇಶಗಳು ಅದನ್ನು ಹೇಗೆ ಎದುರಿಸಿವೆ, ಇಷ್ಟನ್ನೂ ಒಂದೇ ಕಡೆ ಹೇಳಿಕೊಡುತ್ತೇವೆ ಎನ್ನುವ ಆನ್‌ಲೈನ್ ಕೋರ್ಸ್ ಒಂದನ್ನು ಪೂರ್ತಿ ನೋಡಿದೆ. ಯಾವ ಸಂಸ್ಥೆಯದು ಅಂತ ಹೇಳುವುದಿಲ್ಲ, ಬೈಯೋದು ಸ್ವಲ್ಪ ಜಾಸ್ತಿನೇ ಇದೆ. ವಿಡಿಯೋ ನೋಡಲು ದುಡ್ಡು ಬೇಡ, ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಕೊಡಬೇಕು. ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ದೊಡ್ಡ ಮಾತಾಡುವಾಗೆಲ್ಲ ಈ ಕೋರ್ಸ್ ಬೋರು ಹೊಡೆಸುತ್ತದೆ, ಸಣ್ಣ ವಿವರಕ್ಕೆ ಇಳಿದಾಗ ಎದ್ದು ಕೂರುವಂತೆ ಮಾಡುತ್ತದೆ.

ಶುರುವಾಗುವುದು ಇತಿಹಾಸದಿಂದ. ಡೇವಿಡ್ ರಾಪಪೋರ್ಟ್ ಎಂಬ ಪ್ರೊಫೆಸರ್ ಹೇಳಿದ ನಾಲ್ಕು ಅಲೆಗಳ ಲೆಕ್ಕ. 1880ರ ಸುಮಾರಿಗೆ ಅರಾಜಕತಾವಾದಿಗಳು, 1920ರ ದಶಕದಿಂದ ವಸಾಹತು ಆಳ್ವಿಕೆಯ ವಿರೋಧಿಗಳು, 1960ರ ದಶಕದಿಂದ ಎಡಪಂಥದ ಗುಂಪುಗಳು, 1979ರಿಂದ ಧರ್ಮದ ಹೆಸರು ಹೇಳುವವರು. 1881ರಲ್ಲಿ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರ್ ಸತ್ತ ಪ್ರಸಂಗವನ್ನು ತುಂಬಾ ಚೆನ್ನಾಗಿ ಹೇಳುತ್ತಾರೆ. ಮೊದಲ ಬಾಂಬ್ ಸಾರೋಟಿಗೆ ಬಿತ್ತು, ದೊರೆ ಬದುಕಿದ. ಗಾಯಗೊಂಡವರನ್ನು ನೋಡೋಣ ಅಂತ ಕೆಳಗಿಳಿದ. ಎರಡನೇ ಬಾಂಬ್ ಅವನ ಕಾಲ ಬಳಿಯೇ ಸಿಡಿಯಿತು. ಡೈನಮೈಟ್‌ಗೆ ಪೇಟೆಂಟ್ ಸಿಕ್ಕಿದ್ದೇ 1867ರಲ್ಲಿ. ಹೊಸ ಸ್ಫೋಟಕವೂ ಬಂದಿತ್ತು, ತಂತಿ ಮೂಲಕ ಸುದ್ದಿ ಓಡಿಸುವ ಪತ್ರಿಕೆಗಳೂ ಇದ್ದವು. ಸತ್ತವನಿಗಿಂತ ಸುದ್ದಿ ಓದುವವನೇ ನಿಜವಾದ ಗುರಿ ಅನ್ನುವುದು ಇಲ್ಲೇ ಅರ್ಥವಾಗಿಬಿಡುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಜನ ಸತ್ತ ದಾಳಿಯನ್ನು ಹೇಳುವಾಗ ಪತ್ರಿಕೆಯ ಜಾಗಕ್ಕೆ ಟಿವಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಆದರೆ ಈ ನಾಲ್ಕು ಅಲೆಗಳಲ್ಲಿ ಯಾವುದಕ್ಕೂ ಸರಿಯಾಗಿ ಸೇರದವರ ಕತೆ ಏನು? 1995ರಲ್ಲಿ ಒಕ್ಲಹೋಮ ಸಿಟಿಯಲ್ಲಿ ಸರ್ಕಾರಿ ಕಟ್ಟಡ ಸ್ಫೋಟಿಸಿ 168 ಜನರನ್ನು ಕೊಂದವನು ಅಮೆರಿಕದ ಸೇನೆಯಲ್ಲೇ ಇದ್ದವನು. 2011ರಲ್ಲಿ ನಾರ್ವೆಯಲ್ಲಿ 77 ಜನರನ್ನು ಕೊಂದವನು ಅದೇ ದೇಶದ ಬಲಪಂಥೀಯ. ಇವರಿಬ್ಬರನ್ನೂ 'ಇತರೆ' ಅಂತ ಒಂದು ಸ್ಲೈಡಿಗೆ ತುರುಕಿ ಮುಂದೆ ಹೋಗಿದ್ದಾರೆ. ಇದು ಸರಿ ಅಲ್ಲ.

ಕಾನೂನಿನ ಪಾಠ ಚಿಕ್ಕದು, ಪರವಾಗಿಲ್ಲ. ಭಯೋತ್ಪಾದನೆ ಎಂದರೆ ಇದು ಅಂತ ವಿಶ್ವಸಂಸ್ಥೆಯ ದೇಶಗಳು ಇವತ್ತಿಗೂ ಒಪ್ಪಿಲ್ಲ. ಅದಕ್ಕೇ ವಿಮಾನ ಅಪಹರಣಕ್ಕೆ ಒಂದು ಒಪ್ಪಂದ, ಒತ್ತೆಯಾಳು ಹಿಡಿಯುವುದಕ್ಕೆ 1979ರಲ್ಲಿ ಇನ್ನೊಂದು, ಹಣ ಕೊಡುವುದಕ್ಕೆ 1999ರಲ್ಲಿ ಮತ್ತೊಂದು ಅಂತ ಬಿಡಿಬಿಡಿಯಾಗಿ ಮಾಡಿಕೊಂಡಿದ್ದಾರೆ. ಎಲ್ಲಕ್ಕೂ ಸೇರಿ ಒಂದೇ ಒಪ್ಪಂದ ಇರಲಿ ಅಂತ ಭಾರತ 1996ರಲ್ಲಿ ಕರಡು ಕೊಟ್ಟಿತು. ಪರಕೀಯ ಆಳ್ವಿಕೆ ವಿರುದ್ಧ ಹೋರಾಡುವವರು ಇದರಲ್ಲಿ ಬರುತ್ತಾರಾ, ಸೈನ್ಯ ಮಾಡಿದ್ದು ಬರುತ್ತದಾ ಅನ್ನುವ ಜಗಳದಲ್ಲೇ ಅದು ನಿಂತಿದೆ.

ಇನ್ನು ಕಾರಣಗಳ ಪಾಠ. ಅಯ್ಯೋ. ಬಡತನ, ಅನಕ್ಷರತೆ, ನಿರುದ್ಯೋಗ, ಧರ್ಮ, ಜಾಗತೀಕರಣ ಅಂತ ಪರೀಕ್ಷೆಯ ಗೈಡಿನ ಹಾಗೆ ಪಟ್ಟಿ ಓದಿಬಿಡುತ್ತಾರೆ. ತಮಾಷೆ ಏನೆಂದರೆ, ಅದೇ ಪಾಠದ ಕೆಳಗೆ ಓದಲು ಕೊಟ್ಟಿರುವುದು ಅರ್ಥಶಾಸ್ತ್ರಜ್ಞ ಆಲನ್ ಕ್ರೂಗರ್ ಅವರ ಸಂಶೋಧನೆ, ಅದರಲ್ಲಿ ಬಡತನಕ್ಕೂ ಕಡಿಮೆ ಓದಿಗೂ ಭಯೋತ್ಪಾದನೆಗೂ ನೇರ ಸಂಬಂಧ ಸಿಗುವುದಿಲ್ಲ ಅಂತ ಇದೆ! 2001ರ ಸೆಪ್ಟೆಂಬರ್ 11ರ ದಾಳಿಯ ಮುಂದಾಳು ಮೊಹಮ್ಮದ್ ಅತ್ತಾ ಜರ್ಮನಿಯಲ್ಲಿ ನಗರ ಯೋಜನೆ ಓದಿದವನು, ಅಲ್ ಖೈದಾದ ಮುಖಂಡ ಜವಾಹಿರಿ ಸರ್ಜನ್, ಬಿನ್ ಲಾಡೆನ್ ಮನೆಯ ಸಿರಿತನ ಎಲ್ಲರಿಗೂ ಗೊತ್ತು. ಕ್ವಿಜ್‌ನಲ್ಲಿ 'ಮುಖ್ಯ ಕಾರಣ ಯಾವುದು' ಅಂತ ಕೇಳಿದ್ದರು. ನಾನು 'ರಾಜಕೀಯ ಅಸಮಾಧಾನ' ಒತ್ತಿದೆ. ತಪ್ಪಂತೆ, ಸರಿ ಉತ್ತರ ಬಡತನವಂತೆ. ಅವರು ಕೊಟ್ಟ ಓದನ್ನು ಅವರೇ ಓದಿಲ್ಲ ಅಲ್ವಾ? ಅವಮಾನ, ಪರದೇಶದ ಸೈನ್ಯ ಬಂದು ಕೂತ ಸಿಟ್ಟು, ಪೊಲೀಸ್ ದೌರ್ಜನ್ಯ, ಗೆಳೆಯ ಸೇರಿದ ಅಂತ ತಾನೂ ಸೇರಿದ್ದು, ಇವೆಲ್ಲ ಹೇಗೆ ಒಂದರ ಮೇಲೊಂದು ಬೀಳುತ್ತವೆ ಅಂತ ಒಬ್ಬ ಮನುಷ್ಯನನ್ನಾದರೂ ಹಿಡಿದು ತೋರಿಸಬೇಕಿತ್ತು.

ಇಲ್ಲಿಗೆ ಬೇಸತ್ತು ಬಿಟ್ಟುಬಿಡಬೇಡಿ. ಮುಂದಿನದು ದುಡ್ಡಿನ ಪಾಠ, ಅದೇ ಇಡೀ ಕೋರ್ಸಿನ ಜೀವ.

2012ರಲ್ಲಿ ಮಾಲಿ ದೇಶದ ಟಿಂಬಕ್ಟು ಅಲ್ ಖೈದಾದ ಸಹಾರಾ ಶಾಖೆಯ ಕೈಗೆ ಬಿತ್ತು. ಮರುವರ್ಷ ಫ್ರೆಂಚ್ ಸೈನ್ಯ ಬಂತು, ಅವರು ಓಡಿದರು, ಅವರಿದ್ದ ಕಟ್ಟಡದಲ್ಲಿ ಎಪಿ ಸುದ್ದಿಸಂಸ್ಥೆಯವರಿಗೆ ನೂರಕ್ಕೂ ಜಾಸ್ತಿ ರಸೀದಿಗಳು ಸಿಕ್ಕವು. ಸೋಪು, ಮ್ಯಾಕರೋನಿ, ಸೂಪರ್ ಗ್ಲೂ. ಒಂದೇ ಒಂದು ಲೈಟ್ ಬಲ್ಬ್ ಕೊಂಡಿದ್ದಕ್ಕೂ ಚೀಟಿ! ಇದರ ಜೊತೆಗೆ, ಮೊಖ್ತಾರ್ ಬೆಲ್‌ಮೊಖ್ತಾರ್ ಎಂಬ ತಮ್ಮದೇ ಕಮಾಂಡರನಿಗೆ ಮೇಲಿನವರು ಬರೆದ ಪತ್ರದ ಕತೆಯೂ ಇದೆ: ಫೋನ್ ಎತ್ತುವುದಿಲ್ಲ, ಮೀಟಿಂಗಿಗೆ ಬರುವುದಿಲ್ಲ, ಖರ್ಚಿನ ಲೆಕ್ಕ ಕೊಡುವುದಿಲ್ಲ. ನಗು ಬರುತ್ತದೆ. ಆದರೆ ಆತ ಸಿಟ್ಟಿಗೆದ್ದು ಬೇರೆಯಾಗಿ 2013ರ ಜನವರಿಯಲ್ಲಿ ಅಲ್ಜೀರಿಯಾದ ಗ್ಯಾಸ್ ಘಟಕಕ್ಕೆ ತನ್ನವರನ್ನು ನುಗ್ಗಿಸಿ ಎಷ್ಟೋ ಜನರನ್ನು ಕೊಲ್ಲಿಸಿದ ಅಂತ ಗೊತ್ತಾದಾಗ ನಗು ನಿಲ್ಲುತ್ತದೆ. ಹುಚ್ಚರ ಗುಂಪು ಅಂದುಕೊಂಡರೆ ಇವರು ಅರ್ಥವಾಗುವುದಿಲ್ಲ. ಇದು ಲೆಕ್ಕಪತ್ರ ಇಡುವ, ಬಡ್ತಿಗೆ ಜಗಳವಾಡುವ, ಮೇಲಧಿಕಾರಿಗೆ ದೂರು ಹೇಳುವ ಆಫೀಸು. ಹಾಗಿದ್ದ ಮೇಲೆ ದುಡ್ಡು ತಡೆದರೆ ಕೆಲಸ ಕೆಡುತ್ತದೆ. 1989ರಲ್ಲಿ ಅಕ್ರಮ ಹಣವನ್ನು ಸಕ್ರಮ ಮಾಡಿಕೊಳ್ಳುವುದನ್ನು ತಡೆಯಲು ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ 2001ರ ನಂತರ ಭಯೋತ್ಪಾದಕರ ಹಣಕ್ಕೂ ಯಾಕೆ ಕೈ ಹಾಕಿತು ಅನ್ನುವುದು ಇಲ್ಲಿ ತಾನಾಗಿ ತಿಳಿಯುತ್ತದೆ. ಅದು ನಿಗಾ ಇಟ್ಟ ದೇಶಗಳ ಪಟ್ಟಿಯಾದ ಗ್ರೇ ಲಿಸ್ಟ್ ಅಂದರೆ ದೇಶಗಳು ಯಾಕೆ ಹೆದರುತ್ತವೆ ಅನ್ನುವುದೂ ಅಷ್ಟೇ. ಇದರ ಇನ್ನೊಂದು ಮುಖವನ್ನೂ ಮುಚ್ಚಿಟ್ಟಿಲ್ಲ: ಬ್ಯಾಂಕುಗಳು ತಾಪತ್ರಯವೇ ಬೇಡ ಅಂತ ಯುದ್ಧದ ನಾಡಿನಲ್ಲಿ ಅನ್ನ, ಔಷಧಿ ಹಂಚುವ ಸಂಸ್ಥೆಗಳ ಖಾತೆಯನ್ನೂ ಮುಚ್ಚಿದ್ದುಂಟು.

ಗುಂಪುಗಳು ಹೇಗೆ ಮುಗಿಯುತ್ತವೆ ಅನ್ನುವ ಪಾಠವೂ ಚೆನ್ನಾಗಿದೆ. ರ‍್ಯಾಂಡ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನ 1968ರಿಂದ 2006ರವರೆಗಿನ 648 ಗುಂಪುಗಳನ್ನು ನೋಡಿತ್ತು. ಮುಗಿದುಹೋದ ಗುಂಪುಗಳಲ್ಲಿ ಶೇ 43 ರಾಜಕೀಯಕ್ಕೆ ಬಂದು ಮುಗಿದವು, ಶೇ 40 ಪೊಲೀಸ್ ಮತ್ತು ಗುಪ್ತಚರರ ಕೆಲಸದಿಂದ, ಸೈನ್ಯದಿಂದ ಮುಗಿದದ್ದು ಬರೀ ಶೇ 7. ಇದಕ್ಕೆ ಪೆರು ದೇಶದ ಉದಾಹರಣೆ ಕೊಡುತ್ತಾರೆ. ಅಲ್ಲಿನ ಮಾವೋವಾದಿ ಗುಂಪು ಶೈನಿಂಗ್ ಪಾತ್‌ನ ನಾಯಕ ಗುಸ್‌ಮಾನ್ ಲಿಮಾದಲ್ಲಿ ಒಂದು ಡ್ಯಾನ್ಸ್ ಶಾಲೆಯ ಮೇಲ್ಮಹಡಿಯಲ್ಲಿ ಅಡಗಿದ್ದ. ಪೊಲೀಸರು ತಕ್ಷಣ ದಾಳಿ ಮಾಡಲಿಲ್ಲ, ಸುಮ್ನೆ ಆ ಮನೆಯ ಕಸ ಹೆಕ್ಕಿದರು. ಡ್ಯಾನ್ಸ್ ಟೀಚರ್ ಒಬ್ಬಳೇ ಇರುವ ಮನೆ ಅಂತ ಲೆಕ್ಕ, ಕಸ ಮಾತ್ರ ಅದಕ್ಕಿಂತ ಜಾಸ್ತಿ. ಸಿಗರೇಟಿನ ತುಂಡು, ಚರ್ಮರೋಗದ ಔಷಧಿಯ ಟ್ಯೂಬು. ಅವನಿಗೆ ಆ ಚರ್ಮರೋಗ ಇತ್ತು. 1992ರ ಸೆಪ್ಟೆಂಬರ್‌ನಲ್ಲಿ ಯಾರ ಪ್ರಾಣವೂ ಹೋಗದೆ ಸಿಕ್ಕಿಬಿದ್ದ. ಆದರೆ ಎಲ್‌ಟಿಟಿಇ? 2009ರಲ್ಲಿ ಶ್ರೀಲಂಕಾ ಸೈನ್ಯ ಅದನ್ನು ಯುದ್ಧದಲ್ಲೇ ಮುಗಿಸಿತು, ಸಾವಿರಾರು ತಮಿಳು ನಾಗರಿಕರ ಹೆಣ ಬಿತ್ತು. ಶೇಕಡ ಏಳರ ಲೆಕ್ಕಕ್ಕೆ ಒಗ್ಗದ ಇಷ್ಟು ದೊಡ್ಡ ಪ್ರಕರಣಕ್ಕೆ ಒಂದು ವಾಕ್ಯ ಮಾತ್ರ ಕೊಟ್ಟಿದ್ದು ಜಾಣತನವೋ ಸೋಮಾರಿತನವೋ ಗೊತ್ತಿಲ್ಲ. ಅಮೆರಿಕದ ಗ್ವಾಂಟನಾಮೊ ಜೈಲು ಕೂಡ ಹಾಗೇ. ಸುಮಾರು 780 ಜನರನ್ನು ಅಲ್ಲಿಟ್ಟರು, ಬಹುಪಾಲು ಜನರ ಮೇಲೆ ಆರೋಪವನ್ನೇ ಹೊರಿಸಲಿಲ್ಲ, ಕೋರ್ಸಿನಲ್ಲಿ ಅದಕ್ಕೆ ಒಂದು ಫೋಟೋ.

ಇನ್ನೊಂದು ದೊಡ್ಡ ಕೊರತೆ, ಸತ್ತವರು ಎಲ್ಲಿಯವರು ಅನ್ನುವುದೇ ಇಲ್ಲ. ಉದಾಹರಣೆ ಎಲ್ಲಾ ನ್ಯೂಯಾರ್ಕ್, ಲಂಡನ್, ಪ್ಯಾರಿಸ್. 1985ರಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ ಬಾಂಬ್ ಸಿಡಿದು 329 ಜನ ಸತ್ತರು, ಅದರ ಹೆಸರೇ ಬರುವುದಿಲ್ಲ. ಈಚಿನ ವರ್ಷಗಳಲ್ಲಿ ಭಯೋತ್ಪಾದನೆಯ ಸಾವುಗಳಲ್ಲಿ ಸುಮಾರು ಅರ್ಧ ಆಗುತ್ತಿರುವುದು ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್‌ನಲ್ಲಿ. 2024ರ ಜಾಗತಿಕ ಭಯೋತ್ಪಾದನಾ ಸೂಚ್ಯಂಕದಲ್ಲಿ ಮೊದಲ ಸ್ಥಾನ ಬುರ್ಕಿನಾ ಫಾಸೊಗೆ. ಕೋರ್ಸಿನ ನಕ್ಷೆಯಲ್ಲಿ ಮಾತ್ರ ಇರಾಕಿನ ಮೊಸುಲ್ ನಗರ ಇನ್ನೂ ಐಸಿಸ್ ಕೈಯಲ್ಲೇ ಇದೆ. ಅಂದರೆ ವಿಡಿಯೋ 2017ಕ್ಕಿಂತ ಹಳೆಯದು. ಹಾಗಾಗಿ ಇಂಟರ್ನೆಟ್ಟಿನ ಪಾಠವೂ ಹಳಸಲು. 2019ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನು ಅದನ್ನು ಫೇಸ್‌ಬುಕ್‌ನಲ್ಲಿ ಲೈವ್ ತೋರಿಸಿದ್ದ, ಮೊದಲ 24 ಗಂಟೆಯಲ್ಲಿ ಆ ಕಂಪನಿ ತೆಗೆದು ಹಾಕಿದ್ದೇ 15 ಲಕ್ಷ ಪ್ರತಿ. ಇದಿಲ್ಲದೆ ಇಂಟರ್ನೆಟ್ ಬಗ್ಗೆ ಪಾಠ ಮಾಡುವುದು ಹೇಗೆ?

ದುಡ್ಡಿನ ಪಾಠ, ಗುಂಪು ಮುಗಿಯುವ ಪಾಠ, ಇವೆರಡನ್ನು ತಪ್ಪದೆ ನೋಡಿ. ಕಾರಣಗಳ ವಿಡಿಯೋ ಬಿಟ್ಟು ಅದರ ಕೆಳಗಿನ ಓದನ್ನು ಮಾತ್ರ ಓದಿ. ಕ್ವಿಜ್ ಬಗ್ಗೆಯೂ ನಕ್ಷೆ ಬಗ್ಗೆಯೂ ಅವರಿಗೆ ಬರೆದಿದ್ದೆ. ಹೊಸ ಆವೃತ್ತಿ ಬರುತ್ತಿದೆ ಎಂದರು, ಯಾವಾಗ ಅಂತ ಹೇಳಲಿಲ್ಲ. ಸದ್ಯಕ್ಕೆ ಐದಕ್ಕೆ ಮೂರೂವರೆ.