ಎರಡು ವರ್ಷ ಬಳಸಿದ ಮೇಲೆ: ಯೀಸ್ಟ್ ರಿಯಾಕ್ಟರ್‌ನೊಳಗಿನ ಓಡಿ ಪ್ರೋಬ್

ಮೊದಲೆಲ್ಲ ಗಂಟೆಗೊಮ್ಮೆ ಸ್ಯಾಂಪಲ್ ತೆಗೆದು, ಡೈಲ್ಯೂಟ್ ಮಾಡಿ, ಕ್ಯೂವೆಟ್‌ಗೆ (ಅಳತೆಯ ಪುಟ್ಟ ಪಾರದರ್ಶಕ ಪಾತ್ರೆ) ಹಾಕಿ 600 ನ್ಯಾನೋಮೀಟರ್ ಬೆಳಕಿನಲ್ಲಿ ಓಡಿ (OD, ಅಂದರೆ ಯೀಸ್ಟ್ ಎಷ್ಟು ಬೆಳೆದಿದೆ ಅಂತ ತೋರಿಸುವ ಕಲ್ಚರ್‌ನ ಮಬ್ಬು) ನೋಡುತ್ತಿದ್ದೆ. ರಾತ್ರಿ ಎರಡು ಗಂಟೆಗೂ ಅದೇ ಕೆಲಸ. ನಿದ್ದೆಗೇಡು ತಪ್ಪಲಿ ಅಂತಲೇ ಯೀಸ್ಟ್ ಬೆಳೆಸುವ ನಮ್ಮ 5 ಲೀಟರ್ ರಿಯಾಕ್ಟರ್‌ಗೆ, ಒಳಗೇ ಕೂತು ಓಡಿ ಅಳೆಯುವ ಈ ಪ್ರೋಬ್ ಹಾಕಿಸಿದ್ದು.

ಇದರಲ್ಲಿರುವುದು ನಿಯರ್ ಇನ್‌ಫ್ರಾರೆಡ್ ಬೆಳಕು. ಆಟೋಕ್ಲೇವ್‌ನಲ್ಲಿ ಕಾಯಿಸಿ ಶುದ್ಧ ಮಾಡಿದ ಮೀಡಿಯಾ (ಯೀಸ್ಟ್ ಬೆಳೆಯುವ ಪೋಷಕ ದ್ರಾವಣ) ಕಂದು ಬಣ್ಣಕ್ಕೆ ತಿರುಗಿರುತ್ತೆ ಅಲ್ವಾ, ಆ ಬಣ್ಣ ಇದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಗುಳ್ಳೆ.

ಶುರುವಿನಲ್ಲೇ ಒಮ್ಮೆ ಏಟು ತಿಂದೆ. ಆಕ್ಸಿಜನ್ ಇಳಿಯಿತು ಅಂತ ಸ್ಟಿರರ್ ತಾನಾಗಿಯೇ 400ರಿಂದ 700 ಆರ್‌ಪಿಎಂಗೆ ಏರಿತು. ಸ್ಕ್ರೀನಿನಲ್ಲಿ ಗೆರೆ ಟಕ್ ಅಂತ ಮೇಲೆ ಹೋಯಿತು. ಯೀಸ್ಟ್ ಚೆನ್ನಾಗಿ ಬೆಳೀತಿದೆ ಅಂದುಕೊಂಡು ಫೀಡ್ (ಸಕ್ಕರೆ ದ್ರಾವಣ) ಬೇಗ ಬಿಟ್ಟೆ. ಬೆಳೆದಿದ್ದು ಯೀಸ್ಟ್ ಅಲ್ಲ, ಗುಳ್ಳೆ! ಸಕ್ಕರೆ ಜಾಸ್ತಿಯಾದರೆ ಬೇಕರ್ಸ್ ಯೀಸ್ಟ್ ಆಕ್ಸಿಜನ್ ಇದ್ದರೂ ಆಲ್ಕೋಹಾಲ್ ಮಾಡಿಕೊಂಡು ಕೂರುತ್ತದೆ. ಆ ಬ್ಯಾಚ್ ಪೂರ್ತಿ ಹೋಯಿತು. ಈಗ ಬ್ಯಾಚ್ ನಡೆಯುವ ವೇಗದಲ್ಲೇ ಸ್ಟಿರರ್, ಗಾಳಿ ಎರಡನ್ನೂ ಓಡಿಸಿ ಆಮೇಲೆ ಝೀರೋ ಮಾಡುತ್ತೇನೆ. ನಡುವೆ ವೇಗ ಬದಲಾದರೆ ಕ್ಯೂವೆಟ್‌ನಲ್ಲಿ ಒಂದು ಸಲ ನೋಡದೆ ಫೀಡ್ ಪಂಪ್ ಮುಟ್ಟುವುದಿಲ್ಲ.

ಆದರೂ ಇದನ್ನು ವಾಪಸ್ ಕೊಡು ಅಂದರೆ ಕೊಡಲ್ಲ. ಗ್ಲೂಕೋಸ್ ಮುಗಿದ ಹೊತ್ತಿಗೆ ಏರುತ್ತಿದ್ದ ಗೆರೆ ಚಪ್ಪಟೆಯಾಗುತ್ತದೆ. ಸ್ವಲ್ಪ ಹೊತ್ತು ಸುಮ್ನೆ ಹಾಗೇ ಮಲಗಿರುತ್ತದೆ. ಆಮೇಲೆ ಯೀಸ್ಟ್ ತಾನೇ ಮಾಡಿಟ್ಟ ಆಲ್ಕೋಹಾಲನ್ನು ತಿನ್ನಲು ಶುರು ಮಾಡಿ, ಗೆರೆ ನಿಧಾನಕ್ಕೆ ಮತ್ತೆ ಏಳುತ್ತದೆ. ಗಂಟೆಗೊಂದು ಸ್ಯಾಂಪಲ್ ತೆಗೆಯುತ್ತಿದ್ದಾಗ ಈ ತಿರುವು ಎಷ್ಟೋ ಸಲ ಎರಡು ಚುಕ್ಕೆಗಳ ನಡುವೆಯೇ ಕಳೆದುಹೋಗುತ್ತಿತ್ತು.

ಕಿರಿಕಿರಿಗಳೂ ಇವೆ. ಉದ್ದದ ಬ್ಯಾಚ್‌ಗಳಲ್ಲಿ ಪ್ರೋಬ್‌ನ ಬೆಳಕಿನ ಕಿಟಕಿಯ ಗಾಜಿಗೆ ಲೋಳೆ ಪದರ ಕೂರುತ್ತದೆ, ರೀಡಿಂಗ್ ಮೆಲ್ಲಗೆ ಮೇಲಕ್ಕೆ ಜಾರುತ್ತದೆ. ನೊರೆ ಇಳಿಸುವ ಆಂಟಿಫೋಮ್ ಹಾಕಿದಾಗಲೂ ಒಂದು ನೆಗೆತ. ಸತ್ತ ಕೋಶ, ಬದುಕಿದ ಕೋಶ ಅನ್ನುವ ಭೇದವೂ ಇದಕ್ಕೆ ತಿಳಿಯದು. ಬದುಕಿದ್ದನ್ನೇ ಎಣಿಸಬೇಕಾದರೆ ಕೆಪಾಸಿಟೆನ್ಸ್ ಪ್ರೋಬ್ ನೋಡಿ. ಯೀಸ್ಟ್‌ನ ಸ್ಟ್ರೇನ್ (ತಳಿ) ಬದಲಾದರೆ ಕ್ಯಾಲಿಬ್ರೇಶನ್ ಮತ್ತೆ ಮೊದಲಿಂದ.

ಕೊಳ್ಳುವವರು ಬೆಳಕು ಹಾದುಹೋಗುವ ಸಂದಿ ಎಷ್ಟು ಅಗಲ ಅಂತ ಮೊದಲೇ ಕೇಳಿ. ನಡುನಡುವೆ ಫೀಡ್ ಬಿಡುತ್ತಾ ಬೆಳೆಸುವ ಫೆಡ್-ಬ್ಯಾಚ್‌ನಲ್ಲಿ ಯೀಸ್ಟ್‌ನ ಓಡಿ 100 ದಾಟುವುದುಂಟು. ಸಂದಿ ಅಗಲವಾಗಿದ್ದರೆ ಅಷ್ಟು ದಪ್ಪ ಕಲ್ಚರ್‌ನಲ್ಲಿ ಬೆಳಕೇ ಆಚೆ ತಲುಪಲ್ಲ. ನಾನು ಮೊದಲು 10 ಮಿಲಿಮೀಟರ್‌ನದ್ದು ತಂದು, ಆಮೇಲೆ 5ಕ್ಕೆ ಬದಲಾಯಿಸಿಕೊಂಡೆ.