ಮೂರು ಮಳೆಗಾಲ ಕಂಡ ಸ್ಲೋ ಕುಕ್ಕರ್: ಮಲೆನಾಡಿನ ಕರೆಂಟಿಗೆ ಯಾವುದು ಸರಿ?

ಸ್ಲೋ ಕುಕ್ಕರ್ ಎಂದರೆ ಮಂದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಕುಕ್ಕರ್. 3.5 ಲೀಟರಿನ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ಲೋ–ಹೈ–ವಾರ್ಮ್ ಎಂದು ತಿರುಗಿಸುವ ಒಂದೇ ಗುಂಡಿ. ಹೈನಲ್ಲಿ 200 ವ್ಯಾಟ್, ಲೋನಲ್ಲಿ 140. ಚಿಕ್ಕಮಗಳೂರಿನ ನಾಲ್ಕು ಜನರ ಮನೆಯಲ್ಲಿ ಮೂರು ವರ್ಷ, ವಾರಕ್ಕೆ ಮೂರ್ನಾಲ್ಕು ದಿನ ಬಳಸಿದ ಮೇಲಿನ ಅಭಿಪ್ರಾಯ ಇದು. ಕಾಳಿನ ಸಾರಿಗೂ ಮಾಂಸದ ಸಾರಿಗೂ ಧಾರಾಳವಾಗಿ ಕೊಳ್ಳಬಹುದು. ಅನ್ನ, ತೊಗರಿಬೇಳೆಗೆ ಬೇಡ, ಅದಕ್ಕೆ ಪ್ರೆಷರ್ ಕುಕ್ಕರೇ ಸರಿ.

ಕೊಳ್ಳುವಾಗ ಮೊದಲು ಗುಂಡಿ ನೋಡಿ. ಡಿಜಿಟಲ್ ಮಾದರಿಗಳಲ್ಲಿ ಹೆಚ್ಚಿನವು ಕರೆಂಟ್ ಹೋಗಿ ಬಂದರೆ ತಾವಾಗಿ ಶುರುವಾಗುವುದಿಲ್ಲ. ಬೆಳಿಗ್ಗೆ ಐದು ನಿಮಿಷ ಕರೆಂಟ್ ಹೋದರೂ ಸಾಕು, ಸಂಜೆ ಮನೆಗೆ ಬಂದಾಗ ಸಾರು ಹಳಸಿರುತ್ತದೆ. ತಿರುಗಿಸುವ ಗುಂಡಿಯದು ಕರೆಂಟ್ ಬಂದ ತಕ್ಷಣ ಮುಂದುವರಿಯುತ್ತದೆ. ಆದರೆ ನಡುವೆ ಎಷ್ಟು ಹೊತ್ತು ಆರಿತ್ತು ಎಂಬುದು ಅದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ವೋಲ್ಟೇಜ್ ಮತ್ತು ಯೂನಿಟ್ ತೋರಿಸುವ ಪ್ಲಗ್ ಮೀಟರ್ ಒಂದನ್ನು ನಡುವೆ ಸಿಕ್ಕಿಸಬೇಕು. ಲೋನಲ್ಲಿ 9 ಗಂಟೆಗೆ 1.25 ಯೂನಿಟ್ ಆಸುಪಾಸು ಬರಬೇಕು. 0.8 ಬಂದಿದ್ದರೆ ಕರೆಂಟ್ ಹೋಗಿರಲಿ, ವೋಲ್ಟೇಜ್ ಇಳಿದಿರಲಿ, ಶಾಖ ಸಾಲದಾಗಿದೆ ಎಂದೇ ಅರ್ಥ. ಮಾಂಸವಾಗಿದ್ದರೆ ಬೆಂದಂತೆ ಕಂಡರೂ ಚೆಲ್ಲಿಬಿಡಿ. 60 ಡಿಗ್ರಿಗಿಂತ ಕೆಳಗೆ ಎರಡು ಗಂಟೆಗೂ ಹೆಚ್ಚು ನಿಂತ ಮಾಂಸವನ್ನು ಮತ್ತೆ ಕುದಿಸಿದರೂ ನಂಬುವಂತಿಲ್ಲ.

ವೋಲ್ಟೇಜಿನ ಲೆಕ್ಕ ಹಲವರಿಗೆ ಹೊಳೆಯುವುದಿಲ್ಲ. 230 ಇರಬೇಕಾದದ್ದು 180ಕ್ಕೆ ಇಳಿದರೆ ಇಳಿದದ್ದು ಶೇ 22, ಆದರೆ ಶಾಖ ಕಡಿಮೆಯಾಗುವುದು ಶೇ 39. ಕಾಫಿ ಹೂವಿಗೆ ನೀರು ಹಾರಿಸುವ ಫೆಬ್ರವರಿ–ಮಾರ್ಚ್‌ನಲ್ಲಿ, ಸುತ್ತಲಿನ ಪಂಪ್‌ಸೆಟ್‌ಗಳು ಓಡುವಾಗ, ಲೋ ಎಂಬುದು ಬರೀ ಬೆಚ್ಚಗಿಡುವ ಮಟ್ಟಕ್ಕೆ ಬಂದುಬಿಡುತ್ತದೆ. ಆ ತಿಂಗಳುಗಳಲ್ಲಿ ಹೈನಲ್ಲೇ ಇಡಿ.

ಇದರ ನಿಜವಾದ ಗುಣ ತಿಳಿಯಬೇಕಾದರೆ ಹುರುಳಿಕಟ್ಟು ಮಾಡಿ ನೋಡಬೇಕು. 250 ಗ್ರಾಂ ಹುರುಳಿ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, 1.25 ಲೀಟರ್ ಉಗುರುಬೆಚ್ಚಗಿನ ನೀರು ಹಾಕಿ. ಹೈನಲ್ಲಿ ಒಂದು ಗಂಟೆ, ಆಮೇಲೆ ಲೋನಲ್ಲಿ ಎಂಟು. ಹುಣಸೆ, ಟೊಮೆಟೊ ಯಾವುದೂ ಈಗ ಬೇಡ. ಹುಳಿ ಬಿದ್ದರೆ ಕಾಳಿನ ಸಿಪ್ಪೆ ಬಿಗಿದುಕೊಂಡು ಹತ್ತು ಗಂಟೆಯಾದರೂ ಬೇಯುವುದಿಲ್ಲ. ಸಂಜೆ ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಸುಕಿ: ಸಿಪ್ಪೆ ಉಳಿದು ಒಳಗಿನದು ಬೆಣ್ಣೆಯ ಹಾಗೆ ಜಾರಬೇಕು, ನುಚ್ಚಿನಂತೆ ಬೆರಳಿಗೆ ಚುಚ್ಚಬಾರದು. ಇಲ್ಲಿ ನೀರು ಆವಿಯಾಗುವುದು ತೀರಾ ಕಡಿಮೆ, ಹಾಗಾಗಿ ಕಟ್ಟು ತೆಳ್ಳಗಿರುತ್ತದೆ. ಬಸಿದ ಕಟ್ಟಿಗೆ ಎರಡು ಹಿಡಿ ಬೆಂದ ಕಾಳು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಸಾರಿನ ಪುಡಿ ರುಬ್ಬಿ ಹಾಕಿ, ಹುಣಸೆರಸ ಬೆರೆಸಿ ಗ್ಯಾಸಿನ ಮೇಲೆ ಹತ್ತು ನಿಮಿಷ ಕುದಿಸಿ. ಒಗ್ಗರಣೆ ಹಾಕಿ ಇಳಿಸುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ಮುದ್ದೆಯೂ ಆಗುತ್ತದೆ.

ಮಟನ್ ಸಾರಿಗೆ ಹಾಸನದ ಆಲೂಗಡ್ಡೆಯನ್ನು ನಾಲ್ಕು ಹೋಳು ಮಾಡಿ ಮಾಂಸದ ಕೆಳಗೆ ಹಾಸಿ. ಶಾಖ ಬರುವುದು ಗೋಡೆ, ತಳದಿಂದ, ಮತ್ತು ಆಲೂಗಡ್ಡೆ ಇದರಲ್ಲಿ ಮಾಂಸಕ್ಕಿಂತ ನಿಧಾನವಾಗಿ ಬೇಯುತ್ತದೆ. ಮುಕ್ಕಾಲು ಕೆಜಿಗೆ ಒಂದೇ ಲೋಟ ನೀರು ಸಾಕು. ಈರುಳ್ಳಿ, ಮಸಾಲೆಯನ್ನು ಬಾಣಲೆಯಲ್ಲಿ ಹುರಿದೇ ಹಾಕಬೇಕು, ಇಲ್ಲದಿದ್ದರೆ ಹಸಿವಾಸನೆ ಹೋಗುವುದೇ ಇಲ್ಲ. ಕಾಯಿ ರುಬ್ಬಿದ್ದು ಕೊನೆಯ ಅರ್ಧ ಗಂಟೆಗೆ ಮಾತ್ರ. ಬೆಳಿಗ್ಗೆಯೇ ಹಾಕಿದರೆ ಒಡೆದು ಎಣ್ಣೆ ತೇಲುತ್ತದೆ. ನಾಟಿ ಕೋಳಿಗೆ ಲೋನಲ್ಲಿ ಏಳು ಗಂಟೆ ಬೇಕು, ಬ್ರಾಯ್ಲರ್‌ಗೆ ನಾಲ್ಕು ದಾಟಿದರೆ ನಾರುನಾರಾಗುತ್ತದೆ.

ಎರಡನ್ನು ನೇರವಾಗಿ ಇದರಲ್ಲಿ ಬೇಯಿಸಲೇಬೇಡಿ. ರಾಜ್ಮಾದ ವಿಷಾಂಶ ಮಂದ ಶಾಖದಲ್ಲಿ ಸಾಯುವುದಿಲ್ಲ. ನೆನೆಸಿ, ನೀರು ಚೆಲ್ಲಿ, ಒಲೆಯ ಮೇಲೆ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಹಾಕಬೇಕು. ಮಳೆಗಾಲದ ಕಳಲೆಯನ್ನೂ (ಎಳೆ ಬಿದಿರಿನ ಮೊಳಕೆ) ನೀರು ಬದಲಿಸುತ್ತಾ ನೆನೆಸಿ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಕುದಿಸಿ ಬಸಿದುಕೊಳ್ಳಿ.

ಮುಚ್ಚಳ ತೆಗೆದು ಇಣುಕಿದರೆ ಪ್ರತಿ ಸಲಕ್ಕೆ 20–30 ನಿಮಿಷ ಹೆಚ್ಚು ಬೇಕು. ಬಿಸಿ ಪಿಂಗಾಣಿಗೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಒಳಪಾತ್ರೆ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿಕೊಳ್ಳಿ. ಅದು ಒಡೆದರೆ ಉಳಿದದ್ದು ಕೆಲಸಕ್ಕೆ ಬಾರದು.