ಔಟ್‌ಬೋರ್ಡ್ ಇಂಜಿನ್: ಬ್ರಾಕೆಟ್ ಮೇಲೋ, ನೇರ ಟ್ರಾನ್ಸಮ್‌ಗೋ?

ಹಳೆಯ ಫೈಬರ್ ಬೋಟಿಗೆ ಎರಡು ಔಟ್‌ಬೋರ್ಡ್, ಅಂದರೆ ಬೋಟಿನ ಹೊರಗೆ ಹಿಂಬದಿಯಲ್ಲಿ ಕೂರುವ ಇಂಜಿನ್, ಕೂರಿಸಬೇಕು. ಟ್ರಾನ್ಸಮ್‌ಗೇ, ಅಂದರೆ ಹಿಂಬದಿಯ ಗೋಡೆಗೇ ಬಿಗಿಯುವುದೋ, ಆ ಗೋಡೆಯ ಹೊರಗೆ ಚಾಚುವ ಆಧಾರ, ಅಂದರೆ ಬ್ರಾಕೆಟ್, ಹಾಕಿ ಎರಡಡಿ ಹಿಂದಕ್ಕೆ ಸರಿಸುವುದೋ?

ನೇರವಾಗಿ ಬಿಗಿಯಲು ಗೋಡೆಯ ಎತ್ತರ 20 ಅಥವಾ 25 ಇಂಚಿಗೆ ಇಳಿಯಬೇಕು. ಹಿಂದಿನಿಂದ ಅಲೆ ಬಂದರೆ ನೀರು ನುಗ್ಗುವುದು ಅಲ್ಲಿಂದಲೇ. ಬ್ರಾಕೆಟ್ ಆದರೆ ಗೋಡೆ ಪೂರ್ತಿ ಉಳಿಯುತ್ತದೆ, ಒಳಗೆ ಜಾಗವೂ ಜಾಸ್ತಿ.

ತೊಂದರೆ ಇರುವುದು ಭಾರದಲ್ಲಿ. 150 ಎಚ್‌ಪಿಯ ಫೋರ್‌ಸ್ಟ್ರೋಕ್ ಒಂದೇ ಸುಮಾರು 220 ಕೆಜಿ. ಅಂಥ ಎರಡು ಆಚೆ ನೇತಾಡಿದರೆ ಸನ್ನೆಕೋಲು ಹಾಕಿ ಮೀಟಿದ ಹಾಗೆ ಅಲ್ವಾ? ಹಿಂಭಾಗ ಕುಗ್ಗಿ ಮೂತಿ ಮೇಲೇಳುತ್ತದೆ. ಡಬ್ಬದಂತೆ ತೇಲುವ ಬ್ರಾಕೆಟ್ ಬೋಟ್ ನಿಂತಾಗ ಭಾರ ಹೊರುತ್ತದೆ. ವೇಗ ಹಿಡಿದ ಮೇಲೆ ಡಬ್ಬ ನೀರಿಂದ ಎದ್ದಿರುತ್ತದೆ, ಆಗ ಅದು ಸುಮ್ನೆ ಹೊರೆ. ಗಾಳ ಹಾಕುವವರಿಗಂತೂ ದಾರವನ್ನು ಇಂಜಿನ್ ಸುತ್ತ ದಾಟಿಸುವುದೇ ಕಿರಿಕಿರಿ.

ಮೊದಲು ಸುತ್ತಿಗೆಯ ಹಿಡಿಯಿಂದ ಟ್ರಾನ್ಸಮ್ ತಟ್ಟಿ ನೋಡಿ. ಟಣ್ ಅಂದರೆ ಸರಿ. ದಬ್ ಅಂದರೆ ಒಳಗಿನ ಪ್ಲೈವುಡ್ ಕೊಳೆತಿರಬಹುದು, ಬ್ರಾಕೆಟ್ ಮಾತು ಆಮೇಲೆ.

ಒಳ ಇಂಜಿನ್ ತೆಗೆದು ಔಟ್‌ಬೋರ್ಡ್‌ಗೆ ಬದಲಿಸುವ ದೊಡ್ಡ ಬೋಟಾದರೆ ನನ್ನ ಮತ ಬ್ರಾಕೆಟ್‌ಗೆ. ಹದಿನೆಂಟಡಿಯ ಸಣ್ಣ ಬೋಟಾದರೆ ನೇರವಾಗಿಯೇ ಬಿಗಿಯಿರಿ.